ಬಿಲ್ಲಿನ್ಯಾಗ ಒಂದ ಸೀರಿ ಬಿಟ್ಟಾರ: ತಿರುಗಿ ಹೋಗಿ ರೊಕ್ಕ ಕೊಡಬೇಕೇನ್ರಿ?

ಕೇಳಿದವರು, ಹಾವೇರಿ

ಎಲ್ಲಾರಿಗೂ ನಮಸ್ಕಾರ. ಮೈದುನನ ಮದುವಿ ಸಲುವಾಗಿ ಹೋದ ಶನಿವಾರ ಹುಬ್ಬಳ್ಳಿಗೆ ಹೋಗಿ ಜವಳಿ ತಂದ್ವಿ. ಒಂದ ಅಂಗಡ್ಯಾಗ ಆಯೇರಿ ಮಾಡಾಕ ಅಂತ ಒಂದ ನಮೂನಿ ಐದು ಇಳಕಲ್ ಸೀರಿ ತಗೊಂಡ್ವಿ. ಮೂರನೇ ದಿನ ಅತ್ತಿಯವ್ರು ಬಿಲ್ ಹಿಡಕೊಂಡು ಲೆಕ್ಕಾ ಹಾಕಿದ್ರ ಬಿಲ್ಲಿನ್ಯಾಗ ನಾಲ್ಕ ಅದಾವು, ಚೀಲದಾಗ ಐದು. ಒಂದಕ್ಕ 1,450 ರೂಪಾಯಿ. ಬೇಕಂತ ಮಾಡಿದ್ದಲ್ರಿ. ಅವತ್ತ ಅಂಗಡಿ ತುಂಬ ಮದುವಿ ಮಂದಿ, ಬಿಲ್ ಮಾಡೂ ಹುಡುಗಿಗೆ ತಲಿ ಎತ್ತಾಕ ಪುರಸೊತ್ತಿರಲಿಲ್ಲ.

ನಮ್ಮನಿಯವ್ರು ಅಂತಾರ, "ತಪ್ಪು ಅವರದು, ನಾವ್ಯಾಕ ಹೋಗಬೇಕು? ಹೋದ ವರ್ಷ ಅದ ಅಂಗಡಿಯವ್ರು ಬಣ್ಣಾ ಬಿಟ್ಟ ಸೀರಿ ಬದಲಿ ಕೊಡ್ರಿ ಅಂದ್ರ ತಿರುಗಿ ಸೈತ ನೋಡಲಿಲ್ಲ." ಅದೂ ಖರೇನ. ಅತ್ತಿಯವ್ರು ಮಾತ್ರ "ಇದನ್ನ ಯಾರ ಉಡಿಯೊಳಗೂ ಹಾಕಾಕ ಬರೂದಿಲ್ಲ" ಅಂತ ಒಂದ ಸೀರಿ ಬ್ಯಾರೆ ತೆಗೆದಿಟ್ಟಾರ. ಶಕ್ತಿ ಯೋಜನೆ ಇರೂದ್ರಿಂದ ನನಗ ಬಸ್ ಚಾರ್ಜ್ ಇಲ್ಲ, ಆದ್ರ ಮದುವಿ ಮನ್ಯಾಗ ಒಂದ ದಿನ ಹೋಗತೈತಿ. ಇಂಥಾದ್ದು ಯಾರಿಗರ ಆಗಿದ್ರ ಏನ್ ಮಾಡಿದ್ರಿ, ಹೇಳ್ರಿ.

ಹುಬ್ಬಳ್ಳಿ, ಜವಳಿ ಅಂಗಡ್ಯಾಗ ಕೆಲಸ ಮಾಡಿದಾಕಿ

ಅಕ್ಕಾರ, ನಾ ಬಿಲ್ಲಿಂಗ್ ಕೌಂಟರಿನ್ಯಾಗ ಆರು ವರ್ಷ ಕುಂತಾಕಿ. ಆ 1,450 ಯಾರ ಮ್ಯಾಲೆ ಬೀಳತೈತಿ ಅನ್ನೂದು ನನಗ ಗೊತ್ತೈತಿ, ಅದಕ್ಕ ಉದ್ದ ಬರಿಯಾಕತ್ತೇನಿ.

ಸೇಲ್ಸಿನವ್ರು ಗಾದಿ ಮ್ಯಾಲೆ ಸೀರಿ ತೋರಿಸಿ, ನೀವು ಆರಿಸಿದ್ದನ್ನ ಕೌಂಟರಿಗೆ ಕಳಸತಾರ. ಅಲ್ಲಿ ಒಂದೊಂದ ಸೀರಿ ಟ್ಯಾಗ್ ಸ್ಕ್ಯಾನ್ ಆಗಬೇಕು. ಒಂದ ನಮೂನಿವು ಐದು ಒಂದರ ಮ್ಯಾಲೊಂದು ಇದ್ದಾಗ ಕೈಗೆ ಎರಡು ಜೋಡಿ ಬಂದು, ಒಂದ ಟ್ಯಾಗ್ ಹೊಡದು ಇನ್ನೊಂದು ದಾಟಿಬಿಡತೈತಿ. ಪ್ಯಾಕಿಂಗಿನಾಂವ ಬಿಲ್ ನೋಡಿ ಎಣಿಸಬೇಕು. ಸೀಜನ್ನಿನ್ಯಾಗ ಎಣಸೂದಿಲ್ಲ. ರಾತ್ರಿ ಗಲ್ಲಾ ಸರಿಯಾಗೇ ಕೂಡತೈತಿ, ಯಾಕಂದ್ರ ಬಿಲ್ ಎಷ್ಟೈತೋ ಅಷ್ಟ ರೊಕ್ಕ ಬಂದಿರತೈತಿ. ಕೊರತಿ ಗೊತ್ತಾಗೂದು ಮುಂದ ಸ್ಟಾಕ್ ಎಣಿಸಿದಾಗ, ನಮ್ಮಲ್ಲಿ ದೀಪಾವಳಿ ಮುಂದ ಇಲ್ಲಾ ಮಾರ್ಚ್ ಕೊನಿಗೆ. ಆವಾಗ ಯಾವ ದಿನ, ಯಾವ ಗಿರಾಕಿ, ಯಾರ ಕೈಯಾಗ ತಪ್ಪಿತು ಅಂತ ಹೇಳಾಕ ಯಾರಿಗೂ ಬರೂದಿಲ್ಲ. ಮಾಲಕರ ಬಾಯಾಗ ಉಳಿಯೂದು ಒಂದ ಮಾತು: ಕಳವು.

ನಾ ಇದ್ದಲ್ಲೆ ಒಮ್ಮಿ ಮೂರು ಸೀರಿ ಕಡಿಮಿ ಬಂದ್ವು, 6,600 ರೂಪಾಯಿ. ಕೌಂಟರಿನ್ಯಾಗ ನಾವು ನಾಲ್ಕ ಮಂದಿ. ತಲಿಗೆ 1,650 ಪಗಾರದಾಗ ಮುರಕೊಂಡ್ರು. ನನ್ನ ಪಗಾರ ಆವಾಗ 8,500. ರೊಕ್ಕ ಹೋಗಿದ್ದಕ್ಕಿಂತ ಹೆಚ್ಚು ಸಂಕಟ ಆಗಿದ್ದು, ಮರುದಿನದಿಂದ ಮನಿಗೆ ಹೊಂಡೂ ಮುಂದ ನಮ್ಮ ನಾಲ್ಕೂ ಮಂದಿ ಚೀಲ ತಗಸಿ ನೋಡಾಕ ಶುರು ಮಾಡಿದ್ರಲ್ಲ, ಅದಕ್ಕ. ಒಬ್ಬಾಕಿ ಎರಡ ವಾರದಾಗ ಕೆಲಸ ಬಿಟ್ಲು. ಬಿಟ್ಟ ಮ್ಯಾಲೆ ಆಕೀನ ಕದ್ದಿರಬೇಕು ಅಂತ ಮಾತಾತು. ತಿಂಗಳಾದ ಮ್ಯಾಲೆ ಕಲಘಟಗಿ ಕಡೆ ಅಜ್ಜಾರೊಬ್ರು ಎರಡು ಸೀರಿ ತಂದು "ಯವ್ವಾ, ಇವು ನಮ್ಮ ಬಿಲ್ಲಿನ್ಯಾಗ ಇಲ್ಲ, ಮದುವಿ ಗಡಬಡ್ಯಾಗ ನೋಡಿರಲಿಲ್ಲ" ಅಂದ್ರು. ಮಾಲಕರು ನಮ್ಮ ಚೀಲ ನೋಡೂದು ಬಿಟ್ರು. ಆ ಹುಡುಗಿನ್ನ ತಿರುಗಿ ಕರಿಯಾಕ ಮಾತ್ರ ಯಾರೂ ಹೋಗಲಿಲ್ಲ.

ಅಕ್ಕಾರ, ನಿಮಗ ಇನ್ನ ಮೂರ ದಿನ ಆಗೈತಿ ಅಷ್ಟ. ಸ್ಟಾಕ್ ಎಣಿಸೂದರೊಳಗ ಹೋಗ್ರಿ.

ಧಾರವಾಡ, ನಿವೃತ್ತ ನೌಕರ

ನಾ ಸ್ವಲ್ಪ ಬ್ಯಾರೆ ಹೇಳ್ತೀನ್ರಿ. ಒಂದ ದೊಡ್ಡ ಅಂಗಡಿಯೊಳಗ ನನಗ ಹಿಂಗಾಗಿತ್ತು: ಪ್ಯಾಕೇಟಿನ ಮ್ಯಾಲೆ 120 ರೂಪಾಯಿ ಅಂತ ಛಾಪಾ ಅದ, ಬಿಲ್ಲಿನೊಳಗ 135 ಹಾಕಿದ್ರು. ಮನಿಗೆ ಬಂದು ನೋಡಿ ವಾಪಸ್ ಹೋಗಿ ಕೇಳಿದ್ರ "ಕೌಂಟರ್ ಬಿಟ್ಟ ಮೇಲೆ ನಾವು ಜವಾಬ್ದಾರರಲ್ಲ" ಅನ್ನೋ ಬೋರ್ಡ್ ತೋರಿಸಿದ್ರು. ಆ ಬೋರ್ಡ್ ಅವರಿಗೂ ಹತ್ತಬೇಕಲ್ಲ? ಸಣ್ಣ ಅಂಗಡಿ ಇದ್ರ ನಾನೂ ಓಡಿ ಹೋಗಿ ಕೊಟ್ಟು ಬರ್ತೀನಿ. ದೊಡ್ಡ ಅಂಗಡಿ ಸಲುವಾಗಿ ಮದುವಿ ಮನಿ ಬಿಟ್ಟು ಒಂದ ದಿನ ಕಳಕೊಳ್ಳೋದು ನನಗೇನೋ ಸರಿ ಕಾಣಂಗಿಲ್ಲ.

ಹುಬ್ಬಳ್ಳಿ, ಜವಳಿ ಅಂಗಡ್ಯಾಗ ಕೆಲಸ ಮಾಡಿದಾಕಿ

ಸರ್, ಆ ಬೋರ್ಡ್ ಬರಿಸಿದವ್ರು ಮಾಲಕರು. ಅದರ ಕೆಳಗ ಕುಂತಾಕಿ ನಾನು.

ಗದಗ, ಕಿರಾಣಿ ಅಂಗಡಿ

ಸಣ್ಣ ಅಂಗಡಿ ಲೆಕ್ಕಾ ಹೇಳ್ತೇನಿ. ಸಕ್ಕರಿ, ಎಣ್ಣಿ ಇಂಥಾದ್ರಾಗ ನೂರಕ್ಕ ಐದು ರೂಪಾಯಿ ಉಳದ್ರ ಅದ ದೊಡ್ಡದು. ಹಂಗಿದ್ದಾಗ 100 ರೂಪಾಯಿ ತಪ್ಪಿ ಹೋದ್ರ ಅದನ್ನ ತುಂಬಿಕೊಳ್ಳಾಕ 2,000 ರೂಪಾಯಿ ಮಾಲ್ ಮಾರಬೇಕು. ನನ್ನ ಕೈಯಾಗ ಹೆಚ್ಚು ತಪ್ಪೂದು ಚಿಲ್ಲರ್‌ದಾಗ. 2017ರಾಗ ಬಂದ 200ರ ನೋಟ್ ಹಳದಿ, ಆಮ್ಯಾಲೆ ಬಂದ 20ರ ಹೊಸಾ ನೋಟ್ ಸೈತ ಹಸರು ಬೆರೆತ ಹಳದಿ. ಸಂಜಿಮುಂದ ಗದ್ಲದಾಗ 20 ಅಂತ 200 ಕೊಟ್ಟು ಕಳಿಸೇನಿ. ಒಬ್ಬ ಹುಡುಗ ಅರ್ಧಾ ತಾಸಿನ್ಯಾಗ ಓಡಿ ಬಂದ, ಅವರವ್ವ ಕಳಿಸಿದ್ರು. ಅವತ್ತಿಂದ ಆ ಮನಿಗೆ ಉದ್ರಿ ಎಷ್ಟರ ಆಗಲಿ, ನಾ ಕೇಳಾಕ ಹೋಗಿಲ್ಲ, ಅವರೂ ಇಟಗೊಂಡಿಲ್ಲ.

ತಡಾ ಆತು, ಏನ್ ಅಂತಾರೋ ಅಂತ ನಾಚಿಕಿಂದ ಸುಮ್ಮ ಕುಂಡ್ರವ್ರು ಭಾಳ ಮಂದಿ ಅದಾರ. ಬಿಲ್ ಮ್ಯಾಲೆ ನಂಬರ್ ಇರತೈತಿ, ಮೊದಲ ಒಂದ ಫೋನ್ ಮಾಡ್ರಿ ತಂಗೆವ್ವಾ. ಫೋನ್ ಮಾಡಿದ ದಿನಾನ ಆ ಹುಡುಗಿ ತಲಿ ಮ್ಯಾಲಿನ ಭಾರ ಇಳಿತೈತಿ, ರೊಕ್ಕ ಎರಡ ದಿನ ತಡಾ ಆದ್ರೂ ನಡಿತೈತಿ.

ಧಾರವಾಡ, ವಕೀಲರು

ಕಾನೂನು ಏನನ್ನುತ್ತದೆ ಎಂದು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. 1872ರ ಭಾರತೀಯ ಕರಾರು ಅಧಿನಿಯಮದ 72ನೇ ಕಲಮಿನ ಪ್ರಕಾರ, ತಪ್ಪಿನಿಂದ ಹಣ ಸಂದಾಯವಾಗಿದ್ದರೆ ಅಥವಾ ವಸ್ತು ಕೈಸೇರಿದ್ದರೆ ಪಡೆದವರು ಹಿಂದಿರುಗಿಸಬೇಕು. ಹೆಚ್ಚಿಗೆ ಬಂದ ಚಿಲ್ಲರೆ, ಬಿಲ್ಲಿಗೆ ಸೇರದೆ ಬಂದ ಸೀರೆ, ಎರಡಕ್ಕೂ ಇದು ಅನ್ವಯ. ಅಂಗಡಿಯವರೇ ಕಡಿಮೆ ದರ ಹೇಳಿ, ನೀವು ಅದನ್ನೇ ನಂಬಿ ಕೊಂಡಿದ್ದರೆ ಸಂಗತಿ ಬೇರೆ. ಒಬ್ಬರ ಕಡೆ ತಪ್ಪು ತಿಳುವಳಿಕೆ ಇತ್ತೆಂಬ ಕಾರಣಕ್ಕಷ್ಟೇ ಕರಾರನ್ನು ರದ್ದು ಮಾಡಲು ಬರುವುದಿಲ್ಲ ಎಂದು 22ನೇ ಕಲಂ ಇದೆ.

ಧಾರವಾಡದ ಹಿರಿಯರ ಸಿಟ್ಟು ನ್ಯಾಯವಾದದ್ದು. ಎಂಆರ್‌ಪಿಗಿಂತ 15 ರೂಪಾಯಿ ಹೆಚ್ಚು ತೆಗೆದುಕೊಂಡದ್ದಕ್ಕೆ ಕಾನೂನು ಮಾಪನ ಇಲಾಖೆಗೆ ದೂರು ಕೊಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಬಣ್ಣ ಬಿಟ್ಟ ಸೀರೆಯ ಬಿಲ್ ಇದ್ದರೆ ಅದಕ್ಕೂ ಎರಡು ವರ್ಷದೊಳಗೆ ಗ್ರಾಹಕ ಆಯೋಗದ ದಾರಿ ಇದೆ. ಆ ಲೆಕ್ಕವನ್ನು ಈ ಸೀರೆಯಲ್ಲಿ ಮುರಿದುಕೊಳ್ಳಬೇಡಿ. ಅಂದು ಬದಲಿ ಕೊಡದವರು ಬೇರೆ, ಇಂದು ಪಗಾರ ಕಳೆದುಕೊಳ್ಳುವವರು ಬೇರೆ.

ಹುಬ್ಬಳ್ಳಿ, ಲೆಕ್ಕಪತ್ರದ ಕೆಲಸ

ಹೋದಾಗ ಬರೇ ರೊಕ್ಕ ಕೊಟ್ಟು ಬರಬ್ಯಾಡ್ರಿ, ಆ ಸೀರಿದು ಹೊಸಾ ಬಿಲ್ ಮಾಡಸ್ರಿ. ಟ್ಯಾಗ್ ಕಿತ್ತಿದ್ರ ಅದನ್ನೂ ಒಯ್ರಿ. ಬಿಲ್ ಆದ್ರ ಸ್ಟಾಕಿನ ಪುಸ್ತಕದಾಗ ಒಂದ ಸೀರಿ ಕಡಿಮಿ ಆಗತೈತಿ, ಲೆಕ್ಕಾ ಕೂಡತೈತಿ, ಆ ಹುಡುಗಿ ಮ್ಯಾಲೆ ಬರೂದು ತಪ್ಪತೈತಿ. ಕೈಯಾಗ ಕೊಟ್ಟ ರೊಕ್ಕ ಗಲ್ಲಾದಾಗ ಬಿದ್ದು, ಸೀರಿ ಮಾತ್ರ ಸ್ಟಾಕಿನ್ಯಾಗ ಹಂಗ ಉಳದ್ರ, ಮಾರ್ಚಿನ್ಯಾಗ ಮತ್ತ ಅದ ಕತಿ.

ರಾಣೇಬೆನ್ನೂರು, ಶಿಕ್ಷಕಿ

ಆಯ್ದಕ್ಕಿ ಮಾರಯ್ಯ ಒಂದಿನ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಒಲಿ ಹಚ್ಚಲಿಲ್ಲ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬರ್ರಿ ಅಂದ್ಲು. ನಿಮ್ಮ ಅತ್ತಿಯವ್ರು ಆ ಸೀರಿ ಬ್ಯಾರೆ ತೆಗೆದಿಟ್ಟಿದ್ದು ಓದಿ ಅದ ನೆನಪಾತ್ರಿ.

ಕೇಳಿದವರು, ಹಾವೇರಿ

ಹೋಗಿ ಬಂದೆ. ಗದಗಿನ ಅಣ್ಣಾರು ಹೇಳಿದಂಗ ಮೊದಲ ಫೋನ್ ಮಾಡಿದ್ದೆ. ಗುರುವಾರ ಹಳೇ ಬಿಲ್, ಸೀರಿ, ಟ್ಯಾಗ್ ಎಲ್ಲಾ ಒಯ್ದೆ. ನಮ್ಮನಿಯವ್ರೂ ಕಡೀಕ ತಾವ ಬರತೀನಿ ಅಂತ ಜೋಡಿ ಬಂದ್ರು. ಮಾಲಕರು ರೊಕ್ಕ ಎಣಿಸಿ ಗಲ್ಲಾಕ್ಕ ಹಾಕಿ "ಭಾಳ ಛಲೋ ಆತ್ರಿ" ಅಂದ್ರು. ಬಿಲ್ ಬೇಕ್ರಿ ಅಂದೆ. "ಇನ್ನ್ಯಾಕ್ ಬಿಲ್ಲು?" ಅಂದ್ರು. ನಿಮ್ಮ ಸ್ಟಾಕ್ ಕೂಡಬೇಕಲ್ಲ ಅಂದ ಮ್ಯಾಲೆ ಅದ ಹುಡುಗಿನ್ನ ಕರದು ಟ್ಯಾಗ್ ಸ್ಕ್ಯಾನ್ ಮಾಡಿಸಿದ್ರು. ಆಕಿ ಒಂದ ಕೇಳಿದ್ಲು: "ಅಕ್ಕಾರ, ಇವತ್ತಿನ ತಾರೀಕ ಬೀಳತೈತಿ, ನಡಿತೈತೇನ್ರಿ?" ನಡಿತೈತವ್ವಾ ಅಂದೆ.

ಬಣ್ಣಾ ಬಿಟ್ಟ ಸೀರಿ ಮಾತು ಅವತ್ತ ಎತ್ತಲಿಲ್ಲ. ಅದನ್ನ ಬ್ಯಾರೆ ಬರದು ಕೊಡತೀವಿ. ಮನಿಗೆ ಬಂದು ಎರಡೂ ಬಿಲ್ ಅತ್ತಿಯವ್ರ ಕೈಯಾಗ ಕೊಟ್ಟೆ. ಕನ್ನಡಕಾ ಹಾಕ್ಕೊಂಡು ಮತ್ತೊಮ್ಮಿ ಕೂಡಿಸಿ ನೋಡಿ, ಆ ಸೀರಿ ಎತ್ತಿ ಉಳದ ನಾಲ್ಕರ ಮ್ಯಾಲೆ ಇಟ್ರು.