ದೊಡ್ಡ ಲ್ಯೂರಿಗೆ ಯಾವ ರಾಡ್, ಯಾವ ರೀಲ್? ಕೈ ಸುಟ್ಟುಕೊಂಡವರು ಹೇಳಿದ್ದು

ಫ್ರೀಮಾಂಟ್‌ನಿಂದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಊರಲ್ಲಿದ್ದಾಗ ಭದ್ರಾ ನಾಲೆಯಲ್ಲಿ ಎರೆಹುಳು ಚುಚ್ಚಿ ಗಾಳ ಹಾಕಿದ್ದಷ್ಟೇ ನನ್ನ ಅನುಭವ. ಇಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಎರಡು ವರ್ಷದಿಂದ ಸ್ಯಾಕ್ರಮೆಂಟೊ ನದಿಯ ಡೆಲ್ಟಾದ ದಡದಲ್ಲಿ ನಿಂತು ಬಾಸ್ ಎಂಬ ಮೀನು ಹಿಡಿಯುತ್ತಿದ್ದೇನೆ. ತಿಂಗಳಿಗೊಮ್ಮೆ ಸ್ನೇಹಿತನ ದೋಣಿಯಲ್ಲಿ ಕ್ಲಿಯರ್ ಲೇಕ್ ಸರೋವರ. ಇರುವುದು ಒಂದೇ ರಾಡ್: 7 ಅಡಿ, ಮೀಡಿಯಂ ಹೆವಿ, ಮೇಲೆ 1/4ರಿಂದ 3/4 ಔನ್ಸ್ (ಅದು ಬೀಸಬಲ್ಲ ಲ್ಯೂರಿನ ತೂಕ) ಅಂತ ಬರೆದಿದೆ. ರೀಲ್ 150 ಸೈಜಿನ ಬೇಟ್‌ಕಾಸ್ಟರ್, ಅಂದರೆ ರಾಡಿನ ಮೇಲೆ ಕೂರುವ ಅಡ್ಡ ಸ್ಪೂಲಿನದು; ಸೈಜಿನ ಸಂಖ್ಯೆ ಹೆಚ್ಚಿದಷ್ಟೂ ರೀಲ್ ದೊಡ್ಡದು. ಈಗ ದೊಡ್ಡ ಲ್ಯೂರಿನ, ಅಂದರೆ ಮೀನನ್ನು ಸೆಳೆಯುವ ನಕಲಿ ಎರೆಯ ಹುಚ್ಚು ಹತ್ತಿದೆ. ವಾಪರ್ ಪ್ಲಾಪರ್ 130 (ನೀರಿನ ಮೇಲೆ ತೇಲುವುದು), ಎಸ್-ವೇವರ್ 168 (ಅತ್ತಿತ್ತ ಜಾರುತ್ತ ಈಜುವ ಗ್ಲೈಡ್ ಲ್ಯೂರ್) ನಾನೇ ತಗೊಂಡೆ. ಹುಟ್ಟುಹಬ್ಬಕ್ಕೆ ಹೆಂಡತಿ 8 ಇಂಚಿನ, ಟ್ರೌಟ್ ಮೀನಿನ ಆಕಾರದ ಹಡಲ್‌ಸ್ಟನ್ ಲ್ಯೂರ್ ಕೊಡಿಸಿದಳು. ಮೂರಕ್ಕೂ ಆಗುವ ಒಂದೇ ರಾಡ್, ಒಂದೇ ರೀಲ್ ಹೇಳಿ. ಲೈನೂ ಸೇರಿ 400 ಡಾಲರ್ ಮೀರಬಾರದು. ಮೀರಿದರೆ ಮನೆಯಲ್ಲಿ ಲೆಕ್ಕ ಕೊಡಬೇಕು.

ಸ್ಯಾಕ್ರಮೆಂಟೊದಿಂದ:

ಸರ್, ರಾಡ್ ಹುಡುಕುವ ಮುಂಚೆ ಅಡುಗೆಮನೆಗೆ ಹೋಗಿ. ಹಿಟ್ಟು ತೂಗುವ ಡಿಜಿಟಲ್ ತಕ್ಕಡಿ ಇರುತ್ತಲ್ಲ, ಅದರ ಮೇಲೆ ಮೂರೂ ಲ್ಯೂರ್ ಇಟ್ಟು ತೂಕ ಬರೆದುಕೊಳ್ಳಿ. ಒಂದು ಔನ್ಸ್ ಅಂದರೆ 28 ಗ್ರಾಂ ಚಿಲ್ಲರೆ. ಪ್ಲಾಪರ್ 130 ಸುಮಾರು 39 ಗ್ರಾಂ, ಎಸ್-ವೇವರ್ 168 ಸುಮಾರು 46 ಗ್ರಾಂ. ಎರಡೂ ಒಂದೂವರೆ ಔನ್ಸಿನ ಆಚೀಚೆ. ಹಡಲ್‌ಸ್ಟನ್ ನಾಲ್ಕು ಔನ್ಸ್ ದಾಟುತ್ತದೆ. ಚಿನ್ನಿ ಹೊಡೆಯುವ ಕೋಲಲ್ಲೇ ಕಲ್ಲಂಗಡಿ ಹೊಡೆಯುತ್ತೇನೆ ಅಂದರೆ ಹೇಗೆ? ಮೂರಕ್ಕೂ ಒಂದೇ ರಾಡ್ ಆಗುವುದಿಲ್ಲ. ಆಗುತ್ತದೆ ಅಂತ ಯಾರಾದರೂ ಹೇಳಿದರೆ ಅವರು ರಾಡ್ ಮಾರುವವರು.

ನಾನು ಮಾಡಿದ ತಪ್ಪು ಕೇಳಿ. ಮುಂದೆ ಹೇಗೂ ದೊಡ್ಡ ಲ್ಯೂರ್ ಕೊಳ್ಳುತ್ತೇನಲ್ಲ ಅಂತ ಮೊದಲನೇ ಸಲವೇ 8 ಅಡಿಯ, 10 ಔನ್ಸ್‌ವರೆಗೆ ತಡೆಯುವ ರಾಡ್ ತಂದೆ. ರಾಡಲ್ಲ, ಒನಕೆ. ಅದರಲ್ಲಿ ಒಂದೂವರೆ ಔನ್ಸಿನ ಲ್ಯೂರ್ ಬೀಸಿದರೆ ರಾಡಿಗೆ ಏನೋ ಕಟ್ಟಿದ್ದಾರೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಹಿಂದಕ್ಕೆ ಬೀಸಿದಾಗ ಲ್ಯೂರಿನ ಭಾರಕ್ಕೆ ರಾಡ್ ಬಾಗಬೇಕು, ಆ ಬಾಗು ಬಿಚ್ಚಿಕೊಂಡಾಗಲೇ ಲ್ಯೂರ್ ದೂರ ಹೋಗುವುದು. ಒನಕೆ ಬಾಗುವುದಿಲ್ಲ, ಎಲ್ಲ ಕೆಲಸ ಭುಜದ ಮೇಲೆ ಬೀಳುತ್ತದೆ. ಮೀನು ಕಚ್ಚಿದ ಮೇಲಂತೂ ಇನ್ನೂ ಕಷ್ಟ. ಎಸ್-ವೇವರ್‌ನಲ್ಲಿ ಇರುವುದು ಮೂರು ಮುಳ್ಳಿನ ಟ್ರೆಬಲ್ ಹುಕ್ಕು, ಅದು ಬಾಸಿನ ತುಟಿಯ ತೆಳು ಚರ್ಮಕ್ಕೂ ಚುಚ್ಚಿಕೊಂಡಿರಬಹುದು. ಮೀನು ನೀರಿನಿಂದ ಮೇಲೆದ್ದು ತಲೆ ಒದರುವಾಗ ರಾಡ್ ಅದರ ಜೊತೆ ಬಾಗದಿದ್ದರೆ ಮುಳ್ಳು ಹರಿದುಕೊಂಡು ಆಚೆ ಬರುತ್ತದೆ. ಹಾಗೆ ದೋಣಿಯ ಪಕ್ಕದಲ್ಲೇ ಕಳೆದುಕೊಂಡ ಮೀನುಗಳು ನನ್ನ ಕನಸಲ್ಲಿ ಬರುತ್ತವೆ.

ಅದಕ್ಕೇ ಟ್ರೆಬಲ್ ಇರುವ ಲ್ಯೂರಿಗೆ ಮಾಡರೇಟ್ ಫಾಸ್ಟ್ ಆಕ್ಷನ್ ತಗೊಳ್ಳಿ, ಅಂದರೆ ತುದಿ ಮಾತ್ರವಲ್ಲ, ರಾಡಿನ ಮೇಲಿನ ಅರ್ಧದ ಹತ್ತಿರ ಬಾಗುವಂಥದ್ದು. ಹಡಲ್‌ಸ್ಟನ್‌ದು ಬೇರೆ ಕಥೆ. ಅದಕ್ಕೆ ಬೆನ್ನ ಮೇಲೆ ಒಂದೇ ದಪ್ಪ ಹುಕ್ಕು. ಗಟ್ಟಿ ದವಡೆಗೆ ಅದನ್ನು ಇಳಿಸಬೇಕಾದರೆ ಬುಡದಲ್ಲಿ ಬಿಗಿ ಇರುವ ರಾಡೇ ಬೇಕು.

ರಾಡಿನ ಮೇಲೆ ಬರೆದಿರುವ ತೂಕದ ಎರಡು ತುದಿಯನ್ನೂ ನಂಬಬೇಡಿ. 1ರಿಂದ 4 ಔನ್ಸ್ ಅಂತಿದ್ದರೆ ಒಂದೂವರೆಯಿಂದ ಮೂರರವರೆಗೆ ಅದಕ್ಕೆ ಖುಷಿ. ನಿಮಗೆ ಈಗ ಬೇಕಿರುವುದು ಅದೇ: 7 ಅಡಿ 6 ಇಂಚಿನಿಂದ 8 ಅಡಿಯೊಳಗೆ, ಹೆವಿ ಪವರ್, ಅಂದರೆ ಗಟ್ಟಿ ರಾಡ್. ಒಕುಮಾದ ಗೈಡ್ ಸೆಲೆಕ್ಟ್ ಸ್ವಿಮ್‌ಬೇಟ್ (ಈಜುವ ಮೀನಿನಂಥ ದೊಡ್ಡ ಲ್ಯೂರ್) ರಾಡುಗಳು ನಿಮ್ಮ ಬಜೆಟ್ಟಿಗೆ ಕೂರುತ್ತವೆ, ನನ್ನ ಒನಕೆಯ ನಂತರ ನಾನು ತಂದದ್ದೂ ಅದನ್ನೇ. ಟ್ರೌಟನ್ನು ಸದ್ಯಕ್ಕೆ ಗೋಡೆಗೆ ತೂಗುಹಾಕಿ. ಈ ಟ್ರೌಟ್ ಲ್ಯೂರುಗಳ ಹುಚ್ಚು ಶುರುವಾಗಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. 1959ರಲ್ಲಿ ಸ್ಯಾನ್ ಡಿಯಾಗೊದ ಜಲಾಶಯಗಳಿಗೆ ಫ್ಲಾರಿಡಾ ತಳಿಯ ಬಾಸ್ ತಂದು ಬಿಟ್ಟರು. ಅಂಥ ಜಲಾಶಯಗಳಿಗೆ ಸಾಕಿದ ಟ್ರೌಟ್ ಮೀನುಗಳನ್ನೂ ಲಾರಿಯಲ್ಲಿ ತಂದು ಸುರಿಯುತ್ತಿದ್ದರು. ಬಾಸ್ ಅವನ್ನು ತಿಂದು ಹಂದಿಯ ಹಾಗೆ ಬೆಳೆದವು. ಡೆಲ್ಟಾದ ದಡದಲ್ಲಿ ನಿಂತವರಿಗೆ ಅದು ಮೊದಲ ಆಯುಧವಲ್ಲ.

ಮತ್ತೊಂದು. ಈಗಿರುವ 3/4 ಔನ್ಸಿನ ರಾಡಲ್ಲಿ ಇವನ್ನು ಬೀಸಿ ನೋಡೋಣ ಅಂತ ಹೋಗಬೇಡಿ. ನನ್ನದು ಬೀಸುವಾಗಲೇ ಮಧ್ಯಕ್ಕೆ ಎರಡು ತುಂಡಾಯಿತು. ಕಂಪನಿಯವರು ಗ್ಯಾರಂಟಿಗೆ ಬರುವುದಿಲ್ಲ ಅಂದರು. ಅವರದೇನೂ ತಪ್ಪಿಲ್ಲ ಬಿಡಿ.

ಸನಿವೇಲ್‌ನಿಂದ:

ಅಣ್ಣ ರಾಡ್ ಬಗ್ಗೆ ಎಲ್ಲಾ ಹೇಳಿದ್ದಾರೆ, ನಾನು ಮೈಕೈ ನೋವಿನ ಬಗ್ಗೆ ಹೇಳ್ತೀನಿ. ಗಂಡಸರು ಇದನ್ನು ಹೇಳೋದೇ ಇಲ್ಲ.

ದೊಡ್ಡ ಲ್ಯೂರ್ ಅಂದ್ರೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಇನ್ನೂರು ಸಲ ಬೀಸಿ, ಒಂದು ಕಚ್ಚಿದರೆ ಪುಣ್ಯ. ನನ್ನ ಮೊದಲ ರೀಲ್ 400 ಸೈಜು. ದೊಡ್ಡದಿದ್ರೆ ಒಳ್ಳೇದು ಅಂದ್ಕೊಂಡೆ. ನನ್ನ ಅಂಗೈಯಲ್ಲಿ ಅದು ಕೂರಲೇ ಇಲ್ಲ, ಎರಡು ವಾರಕ್ಕೆ ಮಣಿಕಟ್ಟು ಊದ್ಕೊಂಡಿತು. ಈಗ ಡೈವಾ ಲೆಕ್ಸಾ 300 ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಆರಾಮ. ಅಂಗಡಿಗೆ ಹೋದಾಗ ರೀಲ್ ಇಲ್ಲದ ಖಾಲಿ ರಾಡ್ ಅಲ್ಲಾಡಿಸಿ ನೋಡಿ ಬರಬೇಡಿ. ನಿಮ್ಮ ರೀಲ್ ಹಾಕಿಸಿ ಹಿಡಿದು ನೋಡಿ, ಹಿಂದಿನ ಹಿಡಿ ಕಂಕುಳ ಕೆಳಗೆ ಸಿಕ್ಕಬೇಕು. ತೀರಾ ಉದ್ದ ಇದ್ದರೆ ಜಾಕೆಟ್ಟಿಗೆ ಸಿಕ್ಕಿಕೊಳ್ಳತ್ತೆ, ಗಿಡ್ಡ ಇದ್ದರೆ ಎರಡು ಕೈಯಲ್ಲಿ ಬೀಸೋಕೆ ಆಗಲ್ಲ.

ಬೀಸೋದೂ ಬೇರೆ ಥರ. ಸಣ್ಣ ಲ್ಯೂರಿನ ಹಾಗೆ ಮಣಿಕಟ್ಟಿಂದ ಫಟ್ ಅಂತ ಹೊಡೆಯಬಾರದು. ತುದಿಯಿಂದ ಒಂದೂವರೆ ಅಡಿ ಲೈನ್ ಇಳಿಬಿಟ್ಟು, ಹಿಂದಕ್ಕೆ ನಿಧಾನ ತಂದು, ಕವಣೆ ಬೀಸಿದ ಹಾಗೆ ಒಂದೇ ಸುತ್ತಲ್ಲಿ ಮುಂದಕ್ಕೆ ಬಿಡಬೇಕು. ಹಿಂದೆ ಯಾರಿದ್ದಾರೆ ನೋಡ್ಕೊಳ್ಳಿ ದಯವಿಟ್ಟು.

ಆಮೇಲೆ ನಿಮ್ಮ ಕಾರು ಯಾವುದು? ನಮ್ಮ ಕೊರೊಲಾದಲ್ಲಿ 8 ಅಡಿ ರಾಡ್ ಇಟ್ಟರೆ ತುದಿ ಡ್ಯಾಶ್‌ಬೋರ್ಡಿಗೆ ತಾಗತ್ತೆ. ಹಿಡಿ ಬಿಚ್ಚಿ ಬರುವಂಥದ್ದೋ ಒಳಗೆ ಸರಿಯುವಂಥದ್ದೋ ನೋಡಿ. 400 ಡಾಲರಲ್ಲಿ ಕ್ಯಾಲಿಫೋರ್ನಿಯಾದ ಮೀನು ಹಿಡಿಯೋ ಲೈಸೆನ್ಸ್ ಸೇರಿಸಿದ್ದೀರಾ? 2023ರಿಂದ ಕೊಂಡ ದಿನದಿಂದ 365 ದಿನ ನಡೆಯತ್ತೆ, ಮೊದಲಿನ ಹಾಗೆ ಡಿಸೆಂಬರ್‌ಗೆ ಮುಗಿಯಲ್ಲ. ಅದೊಂದು ಉಪಕಾರ.

ಡಲ್ಲಾಸ್‌ನಿಂದ:

ಇದ್ದದ್ದು ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಎಲ್ಲಾರೂ ರಾಡ್ ರಾಡ್ ಅಂತೀರಿ, ರೊಕ್ಕ ಹೋಗೂದು ಲೈನಿನಾಗ. ನಾ ಇಲ್ಲೆ ಟೆಕ್ಸಸ್ಸಿನ ಲೇಕ್ ಫೋರ್ಕ್ ಕೆರಿಯಾಗ ಹಿಡಿಯಾಂವ. ಅಲ್ಲಿ ನೀರಿನ ತಳಕ್ಕೆಲ್ಲಾ ಮುಳುಗಿದ ಮರಾನ ಅದಾವು. 150ರ ರೀಲಿನಾಗ ದಪ್ಪ ಲೈನ್ ಎಷ್ಟು ಹಿಡಸ್ತದ? 20 ಪೌಂಡ್ ತಡಿಯೂ ಮಾನೊ, ಅಂದ್ರ ಒಂದೇ ಎಳಿ ನೈಲಾನ್ ಲೈನ್, ಸುತ್ತಿದ್ರ ಸ್ಪೂಲ್ (ಲೈನ್ ಸುತ್ತೂ ಉರುಳಿ) ಲಗೂನ ತುಂಬ್ತದ. ಒಂದು ದೂರದ ಕಾಸ್ಟ್ ಹೊಡದ್ರ ಅರ್ಧ ಖಾಲಿ. ಸ್ಪೂಲ್ ಸಣ್ಣಾದಂಗ ಒಂದು ಸುತ್ತಿಗೆ ಬರೋ ಲೈನ್ ಕಡಿಮಿ ಆಗ್ತದ; ಮೀನು ದೂರದಾಗ ಕಚ್ಚಿದಾಗನ ನಿಮಗ ವೇಗ ಬೇಕಾಗಿರ್ತದ, ಆಗನ ಇರಂಗಿಲ್ಲ. 300ರ ರೀಲ್ ತಗೋರಿ ಅನ್ನೂದು ಅದಕ್ಕ. ದೊಡ್ಡ ಮೀನಿನ ಆಸೆಗಲ್ಲ.

ಪ್ಲಾಪರ್‌ನಂಥಾ ನೀರಿನ ಮ್ಯಾಲಿನ ಲ್ಯೂರಿಗೆ 65 ಪೌಂಡ್ ಬ್ರೇಡ್, ಅಂದ್ರ ಹಿಗ್ಗಲಾರದ ಹೆಣೆದ ಲೈನ್. ಹುಲ್ಲು, ಜೊಂಡು ಕೊಯ್ಕೋತ ಬರ್ತದ. ಎಸ್-ವೇವರ್‌ಗೆ 20 ಪೌಂಡ್ ಮಾನೊ: ಸ್ವಲ್ಪ ಹಿಗ್ಗತದ, ಟ್ರೆಬಲ್ ಹರಿಯೂದಿಲ್ಲ. ಫ್ಲೋರೊಕಾರ್ಬನ್ ಅನ್ನೂ ಲೈನ್ ಮುಳುಗ್ತದ, ಆಳಕ್ಕ ಇಳಿಸೂದಿದ್ರ ಮಾತ್ರ. ಗೇರ್ 7ರ ಮ್ಯಾಲಿಂದು ತಗೋರಿ, ಅಂದ್ರ ಹಿಡಿಕಿ ಒಂದು ಸುತ್ತು ತಿರುಗಿದ್ರ ಸ್ಪೂಲ್ ಏಳು ಸುತ್ತು; ಗ್ಲೈಡ್ ಲ್ಯೂರಿನಾಗ ಸಡಿಲಾದ ಲೈನ್ ಲಗೂನ ಎಳಕೋಬೇಕು. ಟ್ರೌಟ್ ಎಳಿಯೂ ಕಾಲಕ್ಕ 5ರದ್ದು ಬೇಕಾಗ್ತದ, ಆವಾಗ ನೋಡೂಣು.

ಬ್ಯಾಕ್‌ಲ್ಯಾಶ್, ಅಂದ್ರ ಬೀಸುವಾಗ ಸ್ಪೂಲ್ ಜೋರಾಗಿ ತಿರುಗಿ ಲೈನ್ ಗಂಟಾಗೂ ವಿಷಯ: ಸಣ್ಣ ಲ್ಯೂರಿನಾಗ ಗಂಟಾದ್ರ ಕುಂತು ಬಿಡಿಸ್ತೀರಿ. ಇದರಾಗ ಸ್ಪೂಲ್ ತಟ್ಟನ ನಿಂತ್ರ ಲೈನ್ ಪಟ್ಟಂತ ಹರದು ಲ್ಯೂರ್ ಹಾರಿ ಹೋಗ್ತದ. ನನ್ನ ಎರಡು ಲ್ಯೂರ್ ಇನ್ನೂ ಫೋರ್ಕಿನ ತಳದಾಗ ಅದಾವು, ದೇವರಿಗೆ ಬಿಟ್ಟಂಗ. ಮೊದಲ ದಿನ ಬ್ರೇಕ್ ಜಾಸ್ತಿ ಇಡ್ರಿ, ಲ್ಯೂರ್ ನೀರಿಗೆ ಬೀಳೂ ಮುಂಚೆ ಹೆಬ್ಬೆರಳು ಸ್ಪೂಲ್ ಮ್ಯಾಲ ಇರಲಿ. ಎರಡು ತಾಸಿಗೊಮ್ಮೆ ಗಂಟು ಕತ್ತರಿಸಿ ಹೊಸದಾಗಿ ಕಟ್ರಿ.

ಗಟ್ಟಿ ಸಾಮಾನು ಇರಲಿ ಅನ್ನಾಕ ಇನ್ನೊಂದು ಕಾರಣ ಅದ. ಫೋರ್ಕಿನಾಗ 16 ಇಂಚಿನಿಂದ 24 ಇಂಚಿನ ನಡುವಿನ ಬಾಸ್ ಇಟ್ಕೊಳ್ಳಾಕ ಬರೂದಿಲ್ಲ, ಬಿಡಲೇಬೇಕು. ಸಪೂರ ಲೈನಿನಾಗ ಹತ್ತು ನಿಮಿಷ ಆಡಿಸಿ ಸುಸ್ತು ಮಾಡಿ ಬಿಟ್ರ ಅದು ಬದುಕ್ತದೋ ಇಲ್ಲೋ. ಲಗೂನ ತರ್ರಿ, ಲಗೂನ ಬಿಡ್ರಿ.

ಜಪಾನಿನ ಓತ್ಸುವಿನಿಂದ:

ನಾನಿರುವುದು ಬಿವಾ ಸರೋವರದ ದಡದಲ್ಲಿ. 2009ರ ಜುಲೈ 2ರಂದು ಮನಾಬು ಕುರಿಟಾ ಹಿಡಿದ 22 ಪೌಂಡ್ 4.97 ಔನ್ಸಿನ ಬಾಸ್ ಇಲ್ಲಿಯದೇ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡ್ 4 ಔನ್ಸಿನ ಮೀನಿಗಿಂತ ಎರಡು ಔನ್ಸಾದರೂ ಹೆಚ್ಚಿದ್ದರೆ ಮಾತ್ರ ವಿಶ್ವದಾಖಲೆ ಮುರಿದಂತೆ, ಹಾಗಾಗಿ ದಾಖಲೆ ಸಮ ಅಂತ ಬರೆದರು. ಇದನ್ನು ಹೇಳಿದ್ದು ಯಾಕೆಂದರೆ ಹೊಸಬರೆಲ್ಲ ಆ ಮೀನಿನ ಫೋಟೊ ನೋಡಿಯೇ 250 ಮಿಲಿಮೀಟರಿನ ಲ್ಯೂರ್ ಕೊಳ್ಳಲು ಓಡುತ್ತಾರೆ. ಅವರು ಹಿಡಿದದ್ದು ಬ್ಲೂಗಿಲ್ ಎಂಬ ಸಣ್ಣ ಮೀನನ್ನು ಜೀವಂತ ಕಟ್ಟಿ, ಲ್ಯೂರಿನಲ್ಲಲ್ಲ!

ಇಲ್ಲಿ ಫೋರ್ಕಿನ ತದ್ವಿರುದ್ಧ. ಬಾಸ್ ಹೊರಗಿನಿಂದ ಬಂದ ಮೀನು ಅಂತ ಹಿಡಿದದ್ದನ್ನು ಸರೋವರಕ್ಕೆ ವಾಪಸ್ ಬಿಡುವಂತಿಲ್ಲ, ದಡದಲ್ಲಿಟ್ಟಿರುವ ಪೆಟ್ಟಿಗೆಗೆ ಹಾಕಬೇಕು. ಮೊದಲ ಸಲ ಹಾಕುವಾಗ ಕೈ ನಡುಗಿತ್ತು.

ರೀಲಿನ ಬಗ್ಗೆ ನನ್ನದೊಂದೇ ಮಾತು. ಡ್ರ್ಯಾಗ್, ಅಂದರೆ ಮೀನು ಎಳೆದಾಗ ಲೈನ್ ಬಿಟ್ಟುಕೊಡುವ ಬಿಗಿತ, ಪೂರ್ತಿ ಬಿಗಿ ಮಾಡಬೇಡಿ. ಬ್ರೇಡ್ ಹಾಕಿ ಡ್ರ್ಯಾಗನ್ನೂ ಬಿಗಿ ಮಾಡಿದರೆ ಹಿಗ್ಗುವುದು ಯಾವುದೂ ಉಳಿಯುವುದಿಲ್ಲ. ಟ್ರೆಬಲ್ಲಿನ ಮುಳ್ಳು ನೇರ ಆಗಿರುವುದನ್ನು ನಾನೇ ನೋಡಿದ್ದೇನೆ.

ಫ್ರೀಮಾಂಟ್‌ನಿಂದ ಮತ್ತೆ:

ತೂಗಿದೆ. ಪ್ಲಾಪರ್ 40, ಎಸ್-ವೇವರ್ 47, ಟ್ರೌಟ್ 138 ಗ್ರಾಂ. ಹೆಂಡತಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು, ತಕ್ಕಡಿ ತೊಳೆದಿಡಿ ಅಂದಳು.

7 ಅಡಿ 11 ಇಂಚಿನ ಹೆವಿ ರಾಡ್ ಆರ್ಡರ್ ಮಾಡಿದ್ದೇನೆ. ಸನಿವೇಲ್ ಅಕ್ಕ ಹೇಳಿದ ಹಾಗೆ ಅಂಗಡಿಗೆ ಹೋಗಿ ಕಂಕುಳಲ್ಲಿ ಹಿಡಿದು ನೋಡಿಯೇ. ರೀಲು ಹಳೆಯ 300, ಗೇರ್ 7ರ ಮೇಲಿನದು. ಬ್ರೇಡ್ ಮತ್ತು ಮಾನೊ ಎರಡೂ ಬೇಕಾದರೆ ಎರಡನೇ ಸ್ಪೂಲ್ ಬೇಕಲ್ಲ ಸರ್? ಅಥವಾ ಒಂದೇ ಲೈನಲ್ಲಿ ಶುರು ಮಾಡಲಾ?

ಸ್ಯಾಕ್ರಮೆಂಟೊದಿಂದ:

ಮಾನೊ ಒಂದೇ ಸಾಕು. ಪ್ಲಾಪರ್ ಮಾನೊದಲ್ಲೂ ಚೆನ್ನಾಗಿ ಓಡುತ್ತದೆ, ಆದರೆ ಜೊಂಡಿನ ಒಳಕ್ಕೆ ಎಸೆಯಬೇಡಿ, ಅಂಚಿನಲ್ಲೇ ಎಳೆಯಿರಿ. ಡೆಲ್ಟಾದಲ್ಲಿ ಸಮುದ್ರದ ಉಬ್ಬರ ಇಳಿತ ಇದೆ, ನೀರು ಇಳಿಯುತ್ತಿರುವಾಗ ಅಂಚಿಗೆ ಮೀನು ಬಂದು ಕಾಯುತ್ತವೆ. ಟೈಮ್ ನೋಡಿಕೊಂಡು ಹೋಗಿ.

ಸನಿವೇಲ್‌ನಿಂದ:

ಟ್ರೆಬಲ್ ಹುಕ್ಕಿಗೆ ಪ್ಲಾಸ್ಟಿಕ್ ಕವರ್ ಸಿಗತ್ತೆ, ಅದನ್ನೂ ತಗೊಳ್ಳಿ. ನಮ್ಮ ಕಾರಿನ ಸೀಟಿಂದ ಒಂದನ್ನು ಬಿಡಿಸೋಕೆ ಇಕ್ಕಳ, ಕತ್ತರಿ, ಅರ್ಧ ಭಾನುವಾರ ಬೇಕಾಯ್ತು.