ಮೂರನೆಯ ಅಧ್ಯಾಯ

“ಪ್ರಬಂಧವೆಲ್ಲ ಮುಗಿದಿದೆ. ಮೂರನೆಯ ಅಧ್ಯಾಯವಾದ ‘ಸಂಶೋಧನಾ ವಿಧಾನ’ವನ್ನು ಬರೆಯುವುದೊಂದೇ ಬಾಕಿ” ಎಂದು ಸುರೇಶ ಹೇಳಿದಾಗ, ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಹೋಟೆಲಿನಲ್ಲಿ ವಕೀಲರು ಕಾಫಿಯ ಲೋಟವನ್ನು ಕೆಳಗಿಟ್ಟರು.

“ಫಲಿತಾಂಶ ಬಂದ ಮೇಲೆ ವಿಧಾನವೇ?”

“ಮದುವೆ ಮುಗಿದ ಮೇಲೆ ಜಾತಕ ಕೂಡಿಸಿದರೆ ಒಂದು ಗುಣವೂ ಕಡಿಮೆ ಬೀಳುವುದಿಲ್ಲ ವಕೀಲರೇ” ಎಂದರು ಮೇಷ್ಟ್ರು.

ಸುರೇಶ ಬೇಸರಿಸಲಿಲ್ಲ. ಸಂಶೋಧನೆಗೆ ಮೊದಲು ಬರೆದುಕೊಟ್ಟ ಯೋಜನೆಯಾದ ಸಿನಾಪ್ಸಿಸ್‌ನಲ್ಲಿ ‘ಸಂಗ್ರಹಿಸಲಾಗುವುದು’ ಎಂದಿದ್ದ ಕಡೆಯಲ್ಲೆಲ್ಲ ‘ಸಂಗ್ರಹಿಸಲಾಯಿತು’ ಎಂದು ತಿದ್ದಿದರೆ ಅರ್ಧ ಅಧ್ಯಾಯ ಸಿದ್ಧವಾಗುತ್ತದೆ ಎಂದು ಅವನು ವಿವರಿಸಿದ.

“384 ಕಾಫಿ ಬೆಳೆಗಾರರನ್ನು ಕಂಡೆಯಂತಲ್ಲ, ಆ ಲೆಕ್ಕ ಎಲ್ಲಿಂದ ಬಂತಪ್ಪ?” ಎಂದರು ಗೌಡರು.

“1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಕೊಟ್ಟ ಕೋಷ್ಟಕವಿದೆ ಗೌಡರೇ. ಒಟ್ಟು ಜನ ಎಪ್ಪತ್ತೈದು ಸಾವಿರವಿದ್ದರೆ 382 ಮಂದಿಯನ್ನು ಕೇಳಿದರೆ ಸಾಕು, ಹತ್ತು ಲಕ್ಷವಿದ್ದರೆ 384.”

“ಅದು ಚೀಟಿ ಎತ್ತಿ ಜನರನ್ನು ಆರಿಸುವವರಿಗೆ ಹೇಳಿದ ಲೆಕ್ಕ” ಎಂದರು ಮೇಷ್ಟ್ರು. “ನೀನೋ, ನಿನ್ನ ಮಾವನ ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಪ್ರಶ್ನಾವಳಿ ಹಂಚಿ, ಊಟಕ್ಕೆ ಎಲೆ ಹಾಕುವ ಮೊದಲೇ ಹಿಂದಕ್ಕೆ ಪಡೆದವನು.”

“ಅದನ್ನು ಅನುಕೂಲ ಮಾದರಿ ಎನ್ನುತ್ತಾರೆ ಸಾರ್.”

“ಯಾರ ಅನುಕೂಲ ಎಂಬುದನ್ನೂ ಅಧ್ಯಾಯದಲ್ಲಿ ಬರೆ.”

ಗೌಡರಿಗೆ ತಮ್ಮದೇ ದೂರಿತ್ತು. ‘ಹೂಮಳೆಯಿಂದ ಇಳುವರಿ ಹೆಚ್ಚುತ್ತದೆ’ ಎಂಬ ವಾಕ್ಯದ ಮುಂದೆ ಪೂರ್ಣ ಸಮ್ಮತಿಯಿಂದ ಪೂರ್ಣ ಅಸಮ್ಮತಿಯವರೆಗೆ ಐದು ಚೌಕಗಳಿದ್ದವಂತೆ. ಕಾಫಿ ಗಿಡದಲ್ಲಿ ಹೂವರಳಿಸುವ ಆ ಮಳೆಯೊಂದಾದರೆ ಸಾಲದು, ಕೆಲವು ವಾರಗಳೊಳಗೆ ಇನ್ನೊಂದು ಮಳೆ ಬಿದ್ದರೇ ಕಾಯಿ ಕಚ್ಚುವುದು, ರೊಬಸ್ಟಾ ಕಾಫಿಗೆ ತುಂತುರು ನೀರಾವರಿ ಮಾಡಿಕೊಂಡವನ ಮಾತೇ ಬೇರೆ ಎಂದು ಅವರು ಅರ್ಧ ಗಂಟೆ ಹೇಳಿದ್ದನ್ನೆಲ್ಲ ಕೇಳಿ ಸುರೇಶ ‘ತಟಸ್ಥ’ ಎಂಬಲ್ಲಿ ಗುರುತು ಹಾಕಿಕೊಂಡಿದ್ದ.

“1932ರಲ್ಲಿ ಈ ಅಳತೆಗೋಲನ್ನು ಕೊಟ್ಟ ಅಮೆರಿಕದ ಲೈಕರ್ಟ್ ಮಲೆನಾಡಿನ ಸಂಕೋಚವನ್ನು ಕಂಡವನಲ್ಲ” ಎಂದರು ಮೇಷ್ಟ್ರು. “ಮನೆಗೆ ಬಂದು ಹಲಸಿನ ಹಪ್ಪಳ ತಿನ್ನುತ್ತ ಕುಳಿತ ಹುಡುಗನ ಎದುರಿಗೆ ಯಾರು ತಾನೇ ಪೂರ್ಣ ಅಸಮ್ಮತಿ ಸೂಚಿಸುತ್ತಾರೆ? ಇನ್ನೊಬ್ಬನು ಅದೇ ದಾರಿಯಲ್ಲಿ ಹೋಗಿ ಅದನ್ನೇ ಕಾಣಬಲ್ಲನೇ ಎಂದು ನೋಡುವುದಕ್ಕಾಗಿ ಈ ಅಧ್ಯಾಯವಿರುವುದು. ನಿನ್ನ ದಾರಿ ಹಿಡಿದವನು ಇನ್ನೊಂದು ಗೃಹಪ್ರವೇಶಕ್ಕೆ ಕಾಯಬೇಕಾಗುತ್ತದೆ.”

“ನಮ್ಮಪ್ಪ ದಿನಾ ಬೆಳಿಗ್ಗೆ ಎಂಟಕ್ಕೆ ಮಳೆಮಾಪಕ ನೋಡಿ, ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡುತ್ತಿದ್ದರು” ಎಂದರು ಗೌಡರು. “ಅವರು ತೀರಿಕೊಂಡ ದಿನದ ಮಳೆಯೂ ಪುಸ್ತಕದಲ್ಲಿದೆ. ಅಮ್ಮನ ಅಕ್ಷರ. ಅಷ್ಟು ಜನರ ನಡುವೆ ಅವಳು ಯಾವಾಗ ಎದ್ದು ಹೋಗಿ ನೋಡಿದಳೋ ತಿಳಿಯದು.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

“ಆ ಪುಸ್ತಕವನ್ನು ಕೊಡುತ್ತೀರಾ?” ಎಂದ ಸುರೇಶ.

“ಕೊಡುತ್ತೇನೆ. ಮನೆಯಲ್ಲೇ ಕುಳಿತು ನೋಡಬೇಕು. ಆದರೆ ನಿನ್ನ ಪ್ರಶ್ನಾವಳಿಯಲ್ಲಿ ಅದಕ್ಕೆ ಚೌಕವೆಲ್ಲಿದೆ?”

“ಇಲ್ಲ. ಅದನ್ನು ‘ಅಧ್ಯಯನದ ಮಿತಿಗಳು’ ಎಂಬಲ್ಲಿ ಸೇರಿಸಬಹುದು. ಅಲ್ಲಿ ಈಗ ‘ಸಮಯಾಭಾವ’ ಎಂದಷ್ಟೇ ಇದೆ.”

“ಅದು ನಿಜವೇ” ಎಂದರು ಮೇಷ್ಟ್ರು. “ಊಟಕ್ಕೆ ಬೇಗ ಕರೆದರಲ್ಲ.”