ಐ3 ನಾಲ್ಕನೇ ತಲೆಮಾರಿಗೆ ವಿಂಡೋಸ್ 11 ಹಾಕಬಹುದಾ? ನುಡಿ ಫೈಲು, ಎಲ್‌ಬಿಪಿ 2900 ಎರಡೂ ಉಳೀಬೇಕು

ಬೆರಳಚ್ಚು ಮಂಡ್ಯ:

ಎಲ್ಲರಿಗೂ ನಮಸ್ಕಾರ. ಮಂಡ್ಯದ ಕೋರ್ಟ್ ಹತ್ತಿರ ನಂದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಹತ್ತಡಿಗೆ ಎಂಟಡಿ ಜಾಗ, ಒಂದು ಸಿಸ್ಟಮ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮಿಷನ್. ಅಫಿಡವಿಟ್ಟು, ವಿಭಾಗ ಪತ್ರ, ಬಾಡಿಗೆ ಕರಾರು, ವಿಲ್ಲು, ಎಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲೇ ಹೊಡೆಯೋದು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ.

ಸಿಸ್ಟಮ್ 2014ರಲ್ಲಿ ಕಟ್ಟಿಸಿದ್ದು. ಇಂಟೆಲ್ ಐ3 4130, ಎಚ್81 ಬೋರ್ಡು, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಮೊದಲು ವಿಂಡೋಸ್ 7 ಇತ್ತು, ಆಮೇಲೆ 10 ಆಯ್ತು, ಅದೂ 32 ಬಿಟ್. ಒಂದ್ಸಲ ಎಸ್‌ಎಂಪಿಎಸ್, ಎರಡ್ಸಲ ಸಿಮಾಸ್ ಸೆಲ್ ಬದಲಾಯಿಸಿದ್ದು ಬಿಟ್ಟರೆ ಇದುವರೆಗೂ ಕೈ ಕೊಟ್ಟಿಲ್ಲ. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900, ಅದೂ ಗಟ್ಟಿಮುಟ್ಟಾಗಿದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತು. 11 ಹಾಕಿಕೊಳ್ಳೋಣ ಅಂತ ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಓಡಿಸಿದ್ರೆ ಪ್ರೊಸೆಸರ್ ಆಗಲ್ಲ, ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ ಅಂತು. ನೆಟ್ ವೈರ್ ಕಿತ್ತಿಟ್ಟು ಹಂಗೇ ಓಡಿಸಿ ಅಂತ ಕೆಲವರು ಹೇಳ್ತಾರೆ. ಅದು ನನಗೆ ಆಗೋ ಮಾತಲ್ಲ. ಪಹಣಿ ತೆಗೀಬೇಕು, ಕಾವೇರಿ ಸೈಟಲ್ಲಿ ಇಸಿಗೆ (ಋಣಭಾರ ಪತ್ರಕ್ಕೆ) ಹಾಕಬೇಕು, ವಕೀಲರು ವಾಟ್ಸಾಪಲ್ಲಿ ಕಳಿಸಿದ್ದನ್ನ ಇಳಿಸಬೇಕು. ಊರಿನವರ ಆಧಾರ್ ನಂಬರು, ಸರ್ವೆ ನಂಬರು, ಮನೆ ಜಗಳದ ವಿವರ ಎಲ್ಲ ನನ್ನ ಡಿ ಡ್ರೈವಲ್ಲಿ ಕೂತಿವೆ. ನನ್ನನ್ನ ನಂಬಿ ಕೊಟ್ಟಿರೋದು ಅವು. ಅಪ್‌ಡೇಟ್ ಇಲ್ಲದ ಮಿಷನ್ನಲ್ಲಿ ಅವನ್ನ ಇಟ್ಕೊಂಡು ಕೂರೋಕೆ ಮನಸ್ಸು ಒಪ್ತಾ ಇಲ್ಲ.

ಒಬ್ಬ ಹುಡುಗ ಪೆನ್‌ಡ್ರೈವ್ ತಂದು "ಆಕ್ಟಿವೇಟ್ ಆಗಿರೋ 11 ಇದೆ, ಅರ್ಧ ಗಂಟೆ ಸಾಕು" ಅಂದ. ನಮ್ಮ ಸಾಲಲ್ಲೇ ಇನ್ನೊಬ್ಬರ ಅಂಗಡೀಲಿ ಹೋದ ವರ್ಷ ಹಿಂಗೇ ಒಬ್ಬರು ಬಂದು ಹಾಕಿಕೊಟ್ಟರು. ಸಿ ಡ್ರೈವ್ ಜೊತೆ ಡಿ ಡ್ರೈವೂ ಫಾರ್ಮ್ಯಾಟ್ ಆಯ್ತು. ಆರು ವರ್ಷದ ಫೈಲು. ಆ ಅಕ್ಕ ಬಾಗಿಲು ಅರ್ಧ ಎಳ್ಕೊಂಡು ಅತ್ತಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಇನ್ನೊಂದು ಭಯ ನುಡಿದು. ಮಗಳ ಲ್ಯಾಪ್‌ಟಾಪಲ್ಲಿ ಒಂದು ಫೈಲ್ ತೆಗೆದಾಗ "ಸದರಿ ಸ್ವತ್ತಿನ ಚಕ್ಕುಬಂದಿ" ಅಂತ ಇರಬೇಕಾದ ಕಡೆ ತಲೆ ಮೇಲೆ ಸೊನ್ನೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿದ್ದವು. ಹೊಸ ಸಿಸ್ಟಮ್ ತಗೊಳ್ಳೋ ಶಕ್ತಿ ಈ ವರ್ಷ ಇಲ್ಲ, ಮಗಳ ಫೀಸ್ ಕಟ್ಟಬೇಕು. ಇದರಲ್ಲೇ 11 ಓಡುತ್ತಾ? ಓಡಿಸೋದು ತಪ್ಪಾ? ತಿಳಿದವರು ಹೇಳಿ.

ಸರಸ್ವತಿಪುರಂ ರಿಪೇರಿ:

ಅಕ್ಕ, ಓಡುತ್ತೆ. ಮೈಸೂರಲ್ಲಿ ನಾನು ಇದೇ ತಲೆಮಾರಿನ ಏಳೆಂಟು ಸಿಸ್ಟಮ್‌ಗೆ ಹಾಕಿದ್ದೀನಿ. ಆದರೆ ಎಲ್ಲಕ್ಕಿಂತ ಮೊದಲು ಒಂದು ಮಾತು: ನಿಮ್ಮ ಅನ್ನ ಇರೋ ಆ 500 ಜಿಬಿ ಡಿಸ್ಕ್ ಮೇಲೆ ಯಾರಿಗೂ ಏನನ್ನೂ ಇನ್‌ಸ್ಟಾಲ್ ಮಾಡೋಕೆ ಬಿಡಬೇಡಿ, ನನಗೂ ಸೇರಿ. 240 ಅಥವಾ 256 ಜಿಬಿ ಸಾಟಾ ಎಸ್‌ಎಸ್‌ಡಿ ಒಂದು ತನ್ನಿ, ಹಾರ್ಡ್ ಡಿಸ್ಕ್ ಬದಲು ಹಾಕೋ ವೇಗದ ಡಿಸ್ಕ್ ಅದು. ಹಳೇ ಡಿಸ್ಕಿನ ಎರಡೂ ಕೇಬಲ್ ಕಿತ್ತಿಡಿ, ಡೇಟಾದ್ದೂ ಪವರ್‌ದೂ. ಎಸ್‌ಎಸ್‌ಡಿ ಮಾತ್ರ ಜೋಡಿಸಿ ಅದರಲ್ಲಿ 11 ಹಾಕಿ. ಎಡವಟ್ಟಾದರೆ ಹಳೇ ಕೇಬಲ್ ಮತ್ತೆ ಸಿಕ್ಕಿಸಿ, ಬೆಳಗ್ಗೆ ಹತ್ತಕ್ಕೆ ಅಂಗಡಿ ಎಂದಿನಂತೆ ತೆರೆಯುತ್ತೆ. ಪಕ್ಕದ ಅಂಗಡಿಯವರ ಫೈಲು ಹೋಗಿದ್ದು ವಿಂಡೋಸ್ 11ರಿಂದಲ್ಲ, ಈ ಎರಡು ಕೇಬಲ್ ಕೀಳದೇ ಇದ್ದದ್ದರಿಂದ.

ನಿಮ್ಮದು 32 ಬಿಟ್ ಅಂದಿರಿ, ಒಳ್ಳೇದಾಯ್ತು ಹೇಳಿದ್ದು. 11 ಬರೋದೇ 64 ಬಿಟ್‌ನಲ್ಲಿ. ಹಾಗಾಗಿ ಇದ್ದದ್ದರ ಮೇಲೆ ಅಪ್‌ಗ್ರೇಡ್ ಆಗೋದೇ ಇಲ್ಲ, ಹೊಸದಾಗಿಯೇ ಹಾಕಬೇಕು. 4130 ಪ್ರೊಸೆಸರ್ 64 ಬಿಟ್ ಓಡಿಸುತ್ತೆ, 11ರ 24ಎಚ್2 ಆವೃತ್ತಿಯಿಂದ ಕಡ್ಡಾಯವಾದ ಎಸ್‌ಎಸ್‌ಇ 4.2 ಅನ್ನೋ ಪ್ರೊಸೆಸರ್ ಸೂಚನೆಗಳೂ ಅದರಲ್ಲಿವೆ.

ಮೈಕ್ರೋಸಾಫ್ಟ್ ಸೈಟಿಂದಲೇ 11ರ 25ಎಚ್2 ಆವೃತ್ತಿಯ ಐಎಸ್‌ಒ, ಅಂದ್ರೆ ಇನ್‌ಸ್ಟಾಲ್ ಮಾಡೋ ಫೈಲು, ಇಳಿಸಿ. ಆ ಹುಡುಗನ ಪೆನ್‌ಡ್ರೈವ್ ಮುಟ್ಟಬೇಡಿ. ಅದರೊಳಗೆ ಯಾರು ಏನು ಸೇರಿಸಿದ್ದಾರೋ ಗೊತ್ತಾಗಲ್ಲ, ಜನರ ಆಧಾರ್ ಇರೋ ಮಿಷನ್‌ಗೆ ಅದು ಬೇಡವೇ ಬೇಡ. ರೂಫಸ್ ಅನ್ನೋ ಉಚಿತ ತಂತ್ರಾಂಶದಲ್ಲಿ ಐಎಸ್‌ಒ ಆರಿಸಿ ಸ್ಟಾರ್ಟ್ ಒತ್ತಿದರೆ ಒಂದು ಸಣ್ಣ ಕಿಟಕಿ ಬರುತ್ತೆ. 4 ಜಿಬಿ ರ‍್ಯಾಮ್, ಸೆಕ್ಯೂರ್ ಬೂಟ್, ಟಿಪಿಎಂ 2.0 ಬೇಕೆನ್ನೋ ಷರತ್ತು ತೆಗೆಯೋ ಸಾಲು ಮೇಲೇ ಇರುತ್ತೆ, ಟಿಕ್ ಹಾಕಿ. ಹೀಗೆ ತಯಾರಾದ ನಿಮ್ಮ ಪೆನ್‌ಡ್ರೈವಿಂದ ಬೂಟ್ ಮಾಡಿ. ಕೀ ಕೇಳಿದಾಗ ಇಲ್ಲ ಅನ್ನಿ. 10 ನಿಜವಾಗಿ ಆಕ್ಟಿವೇಟ್ ಆಗಿದ್ದು, ಅದೇ ಎಡಿಷನ್ ಆರಿಸಿದರೆ, ನೆಟ್ ಕೊಟ್ಟ ಮೇಲೆ ಅದೇ ಬೋರ್ಡಲ್ಲಿ 11 ತಾನಾಗೇ ಆಕ್ಟಿವೇಟ್ ಆಗುತ್ತೆ.

ರ‍್ಯಾಮ್ 4 ಸಾಲದು. ಎಚ್81ರಲ್ಲಿ ಎರಡು ಸ್ಲಾಟ್ ಇರುತ್ತೆ, ಇನ್ನೊಂದು 4 ಜಿಬಿ ಡಿಡಿಆರ್3 ಸೆಕೆಂಡ್ ಹ್ಯಾಂಡ್ ಹಾಕಿಸಿ. ಕಡ್ಡಿಯ ಚಿನ್ನದ ಬಣ್ಣದ ಅಂಚನ್ನ ರಬ್ಬರಿಂದ ಒರೆಸಿ ಕೂರಿಸಿ, ಹಳೇ ಬೋರ್ಡಲ್ಲಿ ಅರ್ಧ ತೊಂದರೆ ಅಲ್ಲೇ ಇರುತ್ತೆ.

2900ಕ್ಕೆ ವಿಂಡೋಸ್ 10ರ 64 ಬಿಟ್ ಡ್ರೈವರ್ ಹಾಕಿ. ಯುಎಸ್‌ಬಿ ವೈರ್ ಮೊದಲೇ ಚುಚ್ಚಬೇಡಿ, ಅದು ಕೇಳಿದಾಗ ಮಾತ್ರ.

ಪಶ್ಚಿಮವಾಹಿನಿ ಮೇಷ್ಟ್ರು:

ತಾಯಿ, ನಾನು ಶ್ರೀರಂಗಪಟ್ಟಣದವನು, ನಿವೃತ್ತ ಶಿಕ್ಷಕ. ನನ್ನದು ಕೋರ್ 2 ಡ್ಯುಯೋ, ಅದರ ಮೇಲೆ ಈಗಿನ 11 ಬೂಟ್ ಕೂಡ ಆಗುವುದಿಲ್ಲ, ಯಾವ ಉಪಾಯವೂ ನಡೆಯುವುದಿಲ್ಲ. ಹಾಗಾಗಿ ವಿಂಡೋಸಿನ ಬದಲು ಉಚಿತವಾದ ಲಿನಕ್ಸ್ ಮಿಂಟ್ 22, ಅದರ ಹಗುರ ರೂಪವಾದ ಎಕ್ಸ್‌ಎಫ್‌ಸಿಇ ಹಾಕಿಕೊಂಡೆ. 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ, ಯಾರನ್ನೂ ಬೇಡಬೇಕಾಗಿಲ್ಲ. ಕೀಲಿಮಣೆ ಪಟ್ಟಿಯಲ್ಲೇ ಕನ್ನಡ ಕಗಪ ಎಂಬ ಕೀಲಿ ವಿನ್ಯಾಸ ಇದೆ. ನುಡಿಯೂ ಅನುಸರಿಸುವ ಕೆ.ಪಿ. ರಾಯರ ವಿನ್ಯಾಸದ ಜಾಡಿನದೇ ಆದ್ದರಿಂದ ನುಡಿಯಲ್ಲಿ ಪಳಗಿದ ಬೆರಳು ಹೊಸದಾಗಿ ಕಲಿಯಬೇಕಿಲ್ಲ. ನನ್ನ ಮೊಮ್ಮಗನ ಶಾಲೆಯ ಕೆಲಸ, ನನ್ನ ಬರವಣಿಗೆ ಎಲ್ಲ ಅದರಲ್ಲೇ.

ಆದರೆ ನಿಮ್ಮ ವಿಷಯದಲ್ಲಿ ಮಿಂಟ್ ಹಾಕಿ ಎಂದು ನಾನು ಹೇಳಲಾರೆ. ಕಾರಣ ಎರಡು. ನಿಮ್ಮ ಹಳೆಯ ಫೈಲುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ, ನುಡಿ 01 ಇ ಥರದ ಫಾಂಟಿನವು. ಒಳಗೆ ಇರುವುದು ಇಂಗ್ಲಿಷ್ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ರೂಪ ಹೊದಿಸುತ್ತದೆ, ಅಷ್ಟೆ. ಮಗಳ ಲ್ಯಾಪ್‌ಟಾಪಿನಲ್ಲಿ ಫಾಂಟ್ ಇಲ್ಲದ್ದಕ್ಕೆ ಹಾಗೆ ಕಂಡದ್ದು, ಫೈಲು ಕೆಟ್ಟಿಲ್ಲ. ಲಿನಕ್ಸಿನಲ್ಲೂ ಫಾಂಟ್ ಹಾಕಿ ಲಿಬ್ರೆ ಆಫೀಸಿನಲ್ಲಿ ಓದಬಹುದು, ಆದರೆ ಹೊಸದಾಗಿ ಹಾಗೆ ಟೈಪಿಸಲು ನುಡಿ ತಂತ್ರಾಂಶವೇ ಬೇಕು, ಅದು ವಿಂಡೋಸಿನದು. ಎರಡನೆಯದು 2900. ಅದು ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಮಾತಾಡುವ ಪ್ರಿಂಟರ್. ಲಿನಕ್ಸಿಗೆ ಡ್ರೈವರ್ ಇದೆ, ಆದರೆ ಹಳೆಯದು, ಕೂರಿಸಲು ತಾಳ್ಮೆ ಬೇಕು. ಕಕ್ಷಿದಾರ ಎದುರು ನಿಂತಿರುವಾಗ ಅದನ್ನು ಸರಿಮಾಡುತ್ತಾ ಕೂರಲಾಗದು.

ಬೆರಳಚ್ಚು ಮಂಡ್ಯ:

ಇಬ್ಬರಿಗೂ ಕೈ ಮುಗೀತೀನಿ. ಫೈಲು ಕೆಟ್ಟಿಲ್ಲ ಅಂತ ಮೇಷ್ಟ್ರು ಹೇಳಿದ ಮೇಲೆ ನಿದ್ದೆ ಬಂತು. ಒಂದೇ ಅನುಮಾನ: ಷರತ್ತು ತಪ್ಪಿಸಿ ಹಾಕಿದ್ರೆ ಅಪ್‌ಡೇಟ್ ಬರುತ್ತಾ? ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡ್ತಿರೋದು.

ಸರಸ್ವತಿಪುರಂ ರಿಪೇರಿ:

ಸರಿಯಾಗಿ ಕೇಳಿದಿರಿ. ಇಂಥ ಮಿಷನ್‌ಗೆ ಅಪ್‌ಡೇಟ್ ಕೊಡೋ ಹೊಣೆ ನಮ್ಮದಲ್ಲ ಅಂತ ಮೈಕ್ರೋಸಾಫ್ಟ್ ಲಿಖಿತವಾಗೇ ಹೇಳಿದೆ. ನಾನು ಹಾಕಿಕೊಟ್ಟ ಎಲ್ಲದಕ್ಕೂ ಇವತ್ತಿನವರೆಗೆ ತಿಂಗಳ ಭದ್ರತಾ ಅಪ್‌ಡೇಟ್ ಬರ್ತಾ ಇದೆ. ಬರದೇ ಇರೋದು ವರ್ಷದ ದೊಡ್ಡ ಆವೃತ್ತಿ. ಅದನ್ನ ಮತ್ತೆ ಐಎಸ್‌ಒ ಇಳಿಸಿ ಕೈಯಾರೆ ಹಾಕಬೇಕು. 25ಎಚ್2 ಹೋಮ್, ಪ್ರೊ ಎರಡಕ್ಕೂ 2027ರ ಅಕ್ಟೋಬರ್ 12ರವರೆಗೆ ಗಡುವಿದೆ.

ಟಿಪಿಎಂ ಅಂದ್ರೆ ಬೀಗದ ಕೈ ಇಡೋ ಸಣ್ಣ ತಿಜೋರಿ ಥರ. ಅದಿಲ್ಲದೆ ವಿಂಡೋಸ್ ಓಡೋದೇನೂ ನಿಲ್ಲಲ್ಲ, ಡಿಸ್ಕ್ ಕಳುವಾದರೆ ಕಾಪಾಡೋ ಒಂದು ಪದರ ಕಮ್ಮಿ ಆಗುತ್ತೆ. ಅಂಗಡಿ ಷಟರ್ ಬೀಗ ಗಟ್ಟಿ ಇರಲಿ.

ಆತುರ ಬೇಡ ಅನ್ನಿಸಿದರೆ ಇನ್ನೊಂದು ದಾರಿ ಇದೆ. ನಿಮ್ಮ ವಿಂಡೋಸ್ 10 ಈಗ 22ಎಚ್2 ಆವೃತ್ತಿ ಆಗಿದ್ದರೆ ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಸೇರೋ ಲಿಂಕ್ ಬರುತ್ತೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲ. 2026ರ ಅಕ್ಟೋಬರ್ 13ರವರೆಗೆ ರಕ್ಷಣೆ. ಇವತ್ತೇ ಅದನ್ನ ಮಾಡಿ, ಎಸ್‌ಎಸ್‌ಡಿ ಕೆಲಸ ಕೋರ್ಟ್ ರಜೆ ಇದ್ದಾಗ ಇಟ್ಕೊಳ್ಳಿ.

ಬೆರಳಚ್ಚು ಮಂಡ್ಯ:

ಮಾಡಿದ್ವಿ. ಶನಿವಾರ ರಾತ್ರಿ ಒಂಬತ್ತಕ್ಕೆ ಷಟರ್ ಎಳೆದು ನಾನೂ ಮಗಳೂ ಕೂತ್ವಿ. ಪಕ್ಕದ ತಗಡು ಬಿಚ್ಚಿದ್ರೆ ಫ್ಯಾನಿನ ರೆಕ್ಕೆ ಮೇಲೆ ಜೆರಾಕ್ಸಿನ ಕಪ್ಪು ಪುಡಿ ಕಂಬಳಿ ಥರ ಕೂತಿತ್ತು, ಪೇಂಟ್ ಬ್ರಷ್‌ನಲ್ಲಿ ಒರೆಸಿದ್ವಿ. ಹಳೇ ಡಿಸ್ಕಿನ ಎರಡೂ ಕೇಬಲ್ ಕಿತ್ತು, ಡಿಸ್ಕನ್ನೇ ಹೊರಗೆ ತೆಗೆದು ಟವಲಲ್ಲಿ ಸುತ್ತಿ ನನ್ನ ಮಡಿಲಲ್ಲೇ ಇಟ್ಕೊಂಡಿದ್ದೆ. ಹೊಸ ರ‍್ಯಾಮ್ ಮೊದಲ ಸಲ ಹಿಡೀಲಿಲ್ಲ, ಬೀಪ್ ಬೀಪ್ ಅಂತು. ರಬ್ಬರಲ್ಲಿ ಉಜ್ಜಿ ಕೂರಿಸಿದ ಮೇಲೆ 8 ಜಿಬಿ ತೋರಿಸ್ತು. ಹನ್ನೆರಡೂವರೆಗೆ 11 ಬಂತು, ಆಕ್ಟಿವೇಟೂ ಆಯ್ತು.

ನುಡಿ ಹಾಕಿ, ಸ್ಕ್ರೋಲ್ ಲಾಕ್ ಒತ್ತಿ, ನನ್ನ ಅಪ್ಪನ ಹೆಸರು ಹೊಡೆದೆ. ಬಂತು. ಹಳೇ ಡಿಸ್ಕ್ ಮತ್ತೆ ಜೋಡಿಸಿ ಅದರಿಂದ ಒಂದು ವಿಭಾಗ ಪತ್ರ ತೆಗೆದರೆ ಚಕ್ಕುಬಂದಿ, ಪೂರ್ವಕ್ಕೆ ಯಾರು ಪಶ್ಚಿಮಕ್ಕೆ ಯಾರು, ಒಂದು ಒತ್ತಕ್ಷರವೂ ಜಾರದೆ ನಿಂತಿತ್ತು. 2900 ಕೂಡ ಮೊದಲನೇ ಸಲಕ್ಕೇ ಪ್ರಿಂಟ್ ಕೊಡ್ತು.

ಒಂದೇ ತೊಂದರೆ. ಒಬ್ಬ ವಕೀಲರು ತುಂಗಾ ಫಾಂಟಲ್ಲಿ ಕಳಿಸೋ ಫೈಲುಗಳಲ್ಲಿ ಸಾಲು ಕೆಳಕ್ಕೆ ಇಳೀತಿದೆ. ಸ್ಟಾಂಪ್ ಪೇಪರಲ್ಲಿ ಮೇಲೆ ಬಿಟ್ಟ ಜಾಗ ಲೆಕ್ಕ ಹಾಕಿ ಹೊಡೆಯೋದು, ಎರಡು ಸಾಲು ಇಳಿದ್ರೆ ಸಹಿ ಮುಂದಿನ ಹಾಳೆಗೆ ಹೋಗುತ್ತೆ.

ಸರಸ್ವತಿಪುರಂ ರಿಪೇರಿ:

ತುಂಗಾ ಈಗ ಜೊತೆಗೆ ಬರೋದಿಲ್ಲ ಅಕ್ಕ, ಅದರ ಬದಲು ನಿರ್ಮಲಾ ತೋರಿಸುತ್ತೆ, ಅಳತೆ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿ. ವರ್ಡ್ ಮುಚ್ಚಿ ಮತ್ತೆ ತೆಗೀರಿ.

ಬೆರಳಚ್ಚು ಮಂಡ್ಯ:

ಸೇರಿಸಿದೆ. ಸಾಲು ಮೊದಲಿದ್ದ ಕಡೆಗೇ ಬಂತು. ಹಳೇ ಡಿಸ್ಕನ್ನ ಮನೆ ಬೀರುವಲ್ಲಿ ಇಟ್ಟಿದ್ದೀನಿ, ಪಕ್ಕದ ಅಂಗಡಿ ಅಕ್ಕನ ಸಿಸ್ಟಮ್‌ಗೂ ಮುಂದಿನ ಭಾನುವಾರ ಹಿಂಗೇ ಮಾಡೋಣ ಅಂತ ಮಗಳು ಹೇಳಿದ್ದಾಳೆ. ಅವರದು ಐದನೇ ತಲೆಮಾರಿನ ಲ್ಯಾಪ್‌ಟಾಪ್. ಕೇಬಲ್ ಕೀಳೋಕೆ ಅದರಲ್ಲಿ ಎಲ್ಲಿ ಬಿಚ್ಚಬೇಕು ಅಂತ ಮಾತ್ರ ಒಂದು ಫೋಟೋ ಹಾಕಿ ಅಣ್ಣ.